ಫ್ರ್ಯಾಕ್ಟಲ್ ಫಿಲ್ಟರ್‌ಗೆ ಹಾಕಿದ ಫೋಟೋ ಕೆಟ್ಟು ಬಂದರೆ ಎಲ್ಲಿ ಹುಡುಕಬೇಕು?

ಒಂದೇ ಆಕಾರ ಚಿಕ್ಕದಾಗುತ್ತಾ ಮತ್ತೆ ಮತ್ತೆ ಬರುವ ಚಿತ್ರಕ್ಕೆ ಫ್ರ್ಯಾಕ್ಟಲ್ ಅನ್ನುತ್ತಾರೆ. ಹೋದ ವರ್ಷ ಗೋಳಗುಮ್ಮಟದ ಒಂದು ಫೋಟೋವನ್ನು ಫ್ರ್ಯಾಕ್ಟಲ್ ಫಿಲ್ಟರ್‌ಗೆ ಹಾಕಿ ತಿರುಚಿದೆ. ಲ್ಯಾಪ್‌ಟಾಪ್ ಪರದೆಯ ಮೇಲೆ ಬಹಳ ಚೆಂದ ಕಂಡಿತು. ಒಂದು ಗುಮ್ಮಟ ಎಂಟಾಗಿತ್ತು, ಸುತ್ತ ಸುರುಳಿ ಸುತ್ತಿಕೊಂಡಿತ್ತು. ಖುಷಿಯಲ್ಲಿ 12×18 ಇಂಚಿನ ಪ್ರಿಂಟ್ ಹಾಕಿಸಲು ಇಲ್ಲೇ ವಿಜಯಪುರದ ಒಂದು ಸ್ಟುಡಿಯೋಗೆ ಒಯ್ದೆ. ಪ್ರಿಂಟ್ ಹೊರಗೆ ಬಂತು. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಏನ್ರೀ ಸರ, ಇದರ ಮ್ಯಾಲ ಎಳ್ಳ ಉದುರ್ಸೀರೇನು? ಗುಮ್ಮಟ ಹೋಗಿ ಸಜ್ಜಿ ರೊಟ್ಟಿ ಆಗೇತಲ್ರೀ" ಅಂದರು.

ಸುಳ್ಳಲ್ಲ. ಅಂಚಿನ ತುಂಬ ಕಾಳು ಕಾಳು. ನಡುವೆ ಒಂದು ಕಡೆ ಮಬ್ಬು ಕಲೆ. ಬದಿಗೆ ವಾಲಿದ ಗುಮ್ಮಟಗಳೆಲ್ಲ ಚಪ್ಪಟೆ. ಮನೆಗೆ ಬಂದು ಒಂದು ವಾರ ಸುಮ್ನೆ ಕಂಡಕಂಡ ಸಂಖ್ಯೆ ತಿರುವಿದೆ. ಒಂದು ಸರಿಯಾದರೆ ಇನ್ನೊಂದು ಕೆಡುತ್ತಿತ್ತು. ಆಮೇಲೆ ಹೊಳೆದದ್ದು ಇಷ್ಟೆ: ತಪ್ಪು ಚಿತ್ರದ ಯಾವ ಜಾಗದಲ್ಲಿ ಕೂತಿದೆ ಎಂದು ಮೊದಲು ನೋಡಬೇಕು. ಅಂಚಿನ ತಪ್ಪಿಗೆ ಕಾರಣವೇ ಬೇರೆ, ನಡುವಿನ ತಪ್ಪಿಗೆ ಕಾರಣವೇ ಬೇರೆ. ಜಾಗ ಗೊತ್ತಾದರೆ ಯಾವ ಸಂಖ್ಯೆ ಮುಟ್ಟಬೇಕು ಎಂಬುದೂ ಗೊತ್ತಾಗುತ್ತದೆ.

ನಾನು ಬಳಸುವುದು ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ಫಿಲ್ಟರ್ಸ್ ಮೆನುವಿನ ಮ್ಯಾಪ್ ಒಳಗೆ ಫ್ರ್ಯಾಕ್ಟಲ್ ಟ್ರೇಸ್ ಇದೆ. ಈ ಬರಹ ಅದನ್ನೇ ಹಿಡಿದು ಹೊರಟಿದೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಕಾರಣಗಳು ಇವೇ, ಗುಂಡಿಗಳ ಹೆಸರು ಮಾತ್ರ ಬೇರೆ ಇರಬಹುದು.

ಫಿಲ್ಟರ್ ಒಳಗೆ ನಡೆಯುವುದೇನು

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಮುಂದಿನ ಎಲ್ಲ ರಿಪೇರಿಗೂ ಇದೇ ಬೇಕು.

ಫಿಲ್ಟರ್ ನಿಮ್ಮ ಫೋಟೋವನ್ನು ಹಿಡಿದು ಹಿಂಡುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಮಾಡುವುದು ಉಲ್ಟಾ ಕೆಲಸ. ಹೊಸ ಚಿತ್ರದ ಒಂದೊಂದು ಪಿಕ್ಸೆಲ್ ಮುಂದೆ ನಿಂತು "ಇಲ್ಲಿಗೆ ಹಳೇ ಫೋಟೋದ ಯಾವ ಜಾಗದ ಬಣ್ಣ ತರಲಿ?" ಎಂದು ಲೆಕ್ಕ ಹಾಕುತ್ತದೆ. ಲೆಕ್ಕ ಸರಳ. ಆ ಪಿಕ್ಸೆಲ್ ಕೇಂದ್ರದಿಂದ ಎಷ್ಟು ದೂರ, ಯಾವ ಕೋನದಲ್ಲಿ ಇದೆ ನೋಡು. ದೂರವನ್ನು ಅದರಿಂದಲೇ ಗುಣಿಸು. ಕೋನವನ್ನು ಎರಡರಷ್ಟು ಮಾಡು. ಬಂದ ಜಾಗವನ್ನು ಒಂದು ಗೊತ್ತಾದ ಅಳತೆಯಷ್ಟು ಪಕ್ಕಕ್ಕೆ ಸರಿಸು. ಇದು ಒಂದು ಸುತ್ತು. ದೂರ ಅಳೆಯುವುದು ಪಿಕ್ಸೆಲ್‌ನಲ್ಲಿ ಅಲ್ಲ: ಫೋಟೋದ ನಡುವೆ 0, ನನ್ನ ಚೌಕಟ್ಟಿನಲ್ಲಿ ಎಡ ಅಂಚು -1.6, ಬಲ ಅಂಚು 1.6. ಡೆಪ್ತ್ ಎಂಬಲ್ಲಿ ನೀವು ಕೊಟ್ಟಷ್ಟು ಸುತ್ತು ಇದೇ ನಡೆಯುತ್ತದೆ. ಕೊನೆಗೆ ಎಲ್ಲಿ ಹೋಗಿ ನಿಂತಿತೋ ಅಲ್ಲಿನ ಬಣ್ಣ ಎತ್ತಿಕೊಂಡು ಬರುತ್ತದೆ. ಮೊದಲನೇ ಪಿಯುಸಿ ಗಣಿತದಲ್ಲಿ ಸಂಕೀರ್ಣ ಸಂಖ್ಯೆ ಓದಿದವರಿಗೆ ಇದು ಹಳೇ ಪರಿಚಯ. ಒಂದು ಸಂಖ್ಯೆಯ ವರ್ಗ ಮಾಡಿ ಇನ್ನೊಂದು ಸಂಖ್ಯೆ ಕೂಡಿಸುವುದು, ಅಷ್ಟೇ.

ಗಾಸ್ತೋಂ ಜೂಲಿಯಾ ಎಂಬ ಫ್ರೆಂಚ್ ಗಣಿತಜ್ಞ ಈ ಲೆಕ್ಕದ ಬಗ್ಗೆ ತನ್ನ ದೊಡ್ಡ ಪ್ರಬಂಧ ಪ್ರಕಟಿಸಿದ್ದು 1918ರಲ್ಲಿ. ಆಗ ಚಿತ್ರ ಬಿಡಿಸಿ ತೋರಿಸಲು ಕಂಪ್ಯೂಟರೇ ಇರಲಿಲ್ಲ. ಫ್ರ್ಯಾಕ್ಟಲ್ ಎಂಬ ಹೆಸರನ್ನು ಬೆನ್ವಾ ಮ್ಯಾಂಡೆಲ್‌ಬ್ರೋ ಕೊಟ್ಟದ್ದು 1975ರಲ್ಲಿ. ಫಿಲ್ಟರಿನಲ್ಲಿ ಇವರಿಬ್ಬರ ಹೆಸರಿನ ಎರಡು ಆಯ್ಕೆಗಳಿವೆ. ಜೂಲಿಯಾ ಆರಿಸಿದರೆ ಎಲ್ಲ ಪಿಕ್ಸೆಲ್‌ಗಳಿಗೂ ಸರಿಸುವ ಅಳತೆ ಒಂದೇ. ಅದನ್ನು ಜೆಎಕ್ಸ್, ಜೆವೈ ಎಂಬ ಎರಡು ಮನೆಗಳಲ್ಲಿ ಕೊಡಬೇಕು. ಮ್ಯಾಂಡೆಲ್‌ಬ್ರೋ ಆರಿಸಿದರೆ ಪ್ರತಿ ಪಿಕ್ಸೆಲ್ ತಾನು ಇರುವ ಜಾಗವನ್ನೇ ಸರಿಸುವ ಅಳತೆಯಾಗಿ ಬಳಸುತ್ತದೆ. ಹೊಸಬರು ಜೂಲಿಯಾದಿಂದ ಶುರು ಮಾಡಿ. ತಪ್ಪು ಹುಡುಕಲು ಅದು ಸುಲಭ.

ಕೋನ ಎರಡರಷ್ಟು ಆಗುತ್ತದೆ ಎಂದೆನಲ್ಲ. ಅಂದರೆ ಹೊಸ ಚಿತ್ರದಲ್ಲಿ ನೀವು ಒಂದು ಸುತ್ತು ಬಂದರೆ, ಹಳೇ ಫೋಟೋದಲ್ಲಿ ಎರಡು ಸುತ್ತು ಬಂದಂತೆ. ಅದಕ್ಕೇ ಒಂದು ಗುಮ್ಮಟ ಎರಡು ಸಲ ಕಾಣುತ್ತದೆ. ಡೆಪ್ತ್ 2 ಇಟ್ಟರೆ ನಾಲ್ಕು, 3 ಇಟ್ಟರೆ ಎಂಟು. ಗೋಳಗುಮ್ಮಟದ ಒಳಗೆ ನಿಂತು ಮೇಲೆ ನೋಡಿದರೆ ಒಂದನ್ನೊಂದು ಹಾದು ಹೋಗುವ ಎಂಟು ಕಮಾನುಗಳು ಗುಮ್ಮಟವನ್ನು ಹೊತ್ತಿವೆ. ನನ್ನ ಚಿತ್ರದಲ್ಲೂ ಎಂಟು ಬಂದಾಗ ಏನೋ ದೈವಸಂಕೇತ ಅನ್ನಿಸಿತ್ತು. ಡೆಪ್ತ್ 3 ಇತ್ತು, ಅಷ್ಟೇ!

ಫೋಟೋ ಬದಿಗಿಡಿ, ಚೌಕಳಿ ಹಾಕಿ

ಕೆಟ್ಟ ಚಿತ್ರವನ್ನು ನೋಡುತ್ತಾ ಕಾರಣ ಹುಡುಕುವುದು ಕಷ್ಟ. ಸುರುಳಿಯ ನಡುವೆ ಯಾವುದು ಮಿನಾರು, ಯಾವುದು ಗೋಡೆ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಪರೀಕ್ಷೆಯ ಚಿತ್ರ ಮಾಡಿಟ್ಟುಕೊಳ್ಳಿ. ನಿಮ್ಮ ಫೋಟೋದಷ್ಟೇ ಅಗಲ, ಎತ್ತರ ಇರಲಿ. ನನ್ನದು 4000×3000 ಪಿಕ್ಸೆಲ್. ಅದನ್ನು 500 ಪಿಕ್ಸೆಲ್‌ಗೆ ಒಂದರಂತೆ ಚೌಕ ಮಾಡಿದರೆ ಅಡ್ಡ 8, ಉದ್ದ 6, ಒಟ್ಟು 48 ಮನೆ. ಒಂದೊಂದು ಮನೆಗೂ ಒಂದು ಬಣ್ಣ, ಒಂದು ಸಂಖ್ಯೆ. ಪ್ರತಿ ಮನೆಯಲ್ಲೂ ಒಂದು ಗುಂಡನೆಯ ಬಳೆ ಬಿಡಿಸಿ. ಬಳೆ ಯಾಕೆ ಎಂಬುದು ಮುಂದೆ ಬರುತ್ತದೆ.

ಕೆಟ್ಟ ಚಿತ್ರಕ್ಕೆ ಕೊಟ್ಟಿದ್ದ ಅದೇ ಸಂಖ್ಯೆಗಳನ್ನು ಈ ಚೌಕಳಿಗೂ ಕೊಡಿ. ಈಗ 27ನೇ ಮನೆ ಎಲ್ಲಿ ಹೋಯಿತು, 30 ಎಷ್ಟು ದೊಡ್ಡದಾಯಿತು, 1 ಯಾಕೆ ಕಾಣುತ್ತಲೇ ಇಲ್ಲ, ಎಲ್ಲ ಕಣ್ಣೆದುರಿಗೆ ಬರುತ್ತದೆ. ಡೆಪ್ತ್ ಮೊದಲು 1, ಆಮೇಲೆ 2, ಆಮೇಲೆ 3 ಎಂದು ಏರಿಸುತ್ತಾ ಹೋಗಿ. ಯಾವ ಸುತ್ತಿನಲ್ಲಿ ತಪ್ಪು ಹುಟ್ಟುತ್ತದೆ ನೋಡಿ. ಚಿತ್ರವನ್ನು ಯಾವಾಗಲೂ 100% ಅಳತೆಯಲ್ಲಿ ನೋಡಿ, ಗಿಂಪ್‌ನಲ್ಲಿ ಕೀಬೋರ್ಡಿನ 1 ಒತ್ತಿದರೆ ಸಾಕು. ಪರದೆಗೆ ಹೊಂದುವಂತೆ ಚಿಕ್ಕದು ಮಾಡಿ ನೋಡಿದರೆ ಕಾಳು ಕಾಣುವುದೇ ಇಲ್ಲ. ನಾನು ಮೋಸ ಹೋದದ್ದೇ ಅಲ್ಲಿ.

ಅಂಚಿನಲ್ಲಿ ಎಳ್ಳು ಉದುರಿದಂತೆ ಕಾಳು

ಇದು ಎಲ್ಲರಿಗೂ ಬರುವ ತಪ್ಪು. ಇದಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು, ಮೂರನ್ನೂ ಬೇರೆ ಮಾಡಿ ನೋಡಬೇಕು.

ಮೊದಲು ಮೂಲ ಫೋಟೋವನ್ನೇ 100%ಗೆ ಹಿಗ್ಗಿಸಿ ನೋಡಿ. ಕಾಳು ಅಲ್ಲೇ ಇದ್ದರೆ ಅದು ಕ್ಯಾಮೆರಾದ್ದು. ಗುಮ್ಮಟದ ಒಳಗೆ ಬೆಳಕು ಕಡಿಮೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರಿಸಿ ತೆಗೆದ ಫೋಟೋದಲ್ಲಿ ಕಾಳು ಬರದೆ ಇನ್ನೇನು ಬರುತ್ತದೆ? ಅದು ಚಿತ್ರದ ತುಂಬ ಇರುತ್ತದೆ, ನೆರಳಿನ ಜಾಗದಲ್ಲಿ ಜಾಸ್ತಿ. ಫಿಲ್ಟರ್‌ಗೆ ಹಾಕುವ ಮೊದಲೇ ಈ ಕಾಳು, ಅಂದರೆ ನಾಯ್ಸ್, ಕಡಿಮೆ ಮಾಡಿಕೊಳ್ಳಿ.

ಮೂಲ ಫೋಟೋ ಸ್ವಚ್ಛವಾಗಿದ್ದರೆ ಎರಡನೇ ಪರೀಕ್ಷೆ. ಅಬಿಸ್ ಪಾಲಿಸಿ ಎಂಬ ಆಯ್ಕೆಯನ್ನು ಬ್ಲ್ಯಾಕ್ ಮಾಡಿ. ಲೆಕ್ಕ ಹಾಕುತ್ತಾ ಹಾಕುತ್ತಾ ಪಿಕ್ಸೆಲ್ ಫೋಟೋದ ಹೊರಗೆ ಹೋದರೆ ಏನು ಮಾಡಬೇಕು ಎಂದು ಹೇಳುವ ಆಯ್ಕೆ ಇದು. ಲೂಪ್ ಇಟ್ಟರೆ ಫೋಟೋವನ್ನು ನೆಲದ ಟೈಲ್ಸ್‌ನಂತೆ ಸುತ್ತ ಜೋಡಿಸಿಕೊಂಡು ಹೋಗುತ್ತದೆ. ಬ್ಲ್ಯಾಕ್ ಇಟ್ಟರೆ ಹೊರಗಿನದೆಲ್ಲ ಕಪ್ಪು. ಈಗ ಕಾಳಿದ್ದ ಜಾಗ ಪೂರ್ತಿ ಕಪ್ಪಾಯಿತೇ? ಹಾಗಿದ್ದರೆ ಆ ಕಾಳು ಹೊರಗಿನ ಟೈಲ್ಸ್‌ನದು. ಅಲ್ಲಿ ಫೋಟೋ ನೂರಾರು ಸಲ ಚಿಕ್ಕದಾಗಿ ಜೋಡಣೆಯಾಗಿ, ಕೊನೆಗೆ ಒಂದು ಗುಮ್ಮಟಕ್ಕೆ ಒಂದು ಪಿಕ್ಸೆಲ್ಲೂ ಸಿಗದ ಸ್ಥಿತಿ ಬಂದಿರುತ್ತದೆ. ಆ ಭಾಗವನ್ನು ಕಪ್ಪಾಗಿಯೇ ಬಿಡಿ, ಇಲ್ಲವೇ ಅಲ್ಲಿಗೆ ಬೇರೆ ಹಿನ್ನೆಲೆ ಹಾಕಿ. ನನಗಂತೂ ಕಪ್ಪೇ ಇಷ್ಟ.

ಕಪ್ಪು ಮಾಡಿದ ಮೇಲೂ ಕಪ್ಪಿನ ಅಂಚಿಗೆ ಅಂಟಿಕೊಂಡ ಪಟ್ಟಿಯಲ್ಲಿ ಕಾಳು ಉಳಿದಿದ್ದರೆ ಅದು ಡೆಪ್ತ್‌ನ ಕಾಳು. ಇದೇ ನಿಜವಾದ ತಲೆನೋವು. ಕೇಂದ್ರದಿಂದ ಸುಮಾರು 1ರಷ್ಟು ದೂರದಲ್ಲಿರುವ ಜಾಗದಲ್ಲಿ ಒಂದೊಂದು ಸುತ್ತಿಗೂ ಹೆಜ್ಜೆ ಎರಡರಷ್ಟು ಆಗುತ್ತದೆ. ಡೆಪ್ತ್ 3 ಇದ್ದರೆ ಹೊಸ ಚಿತ್ರದ ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳು ಹಳೇ ಫೋಟೋದಲ್ಲಿ ಸುಮಾರು 8 ಪಿಕ್ಸೆಲ್ ದೂರದಿಂದ ಬಂದಿರುತ್ತವೆ. ನಡುವಿನ 7 ಬಿಟ್ಟು ಹೋದವು. ಡೆಪ್ತ್ 6ಕ್ಕೆ ಆ ದೂರ 64. ಡೆಪ್ತ್ 10ಕ್ಕೆ 1024. 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಸಾವಿರ ಪಿಕ್ಸೆಲ್‌ಗೆ ಒಂದು ಹೆಜ್ಜೆ ಹಾಕಿದರೆ ಒಮ್ಮೆ ಆಕಾಶದ ಮೇಲೆ, ಒಮ್ಮೆ ಗೋಡೆಯ ಮೇಲೆ, ಒಮ್ಮೆ ಹುಲ್ಲಿನ ಮೇಲೆ ಕಾಲು ಬೀಳುತ್ತದೆ. ಎಳ್ಳು ಉದುರುವುದು ಹೀಗೆ.

ಡೆಪ್ತ್ 5 ದಾಟಿಸಿ ಫೋಟೋ ಕೆಟ್ಟಿತು ಎಂದು ಗೊಣಗುವವರಿಗೆ ನನ್ನ ಬಳಿ ಔಷಧ ಇಲ್ಲ. ಕಡಿಮೆ ಮಾಡಿ. 3 ಅಥವಾ 4ಕ್ಕೆ ಎರಡು ಉಪಾಯ ಇವೆ.

ಒಂದು, ದೊಡ್ಡದು ಮಾಡಿ ಹಾಕಿ ಆಮೇಲೆ ಚಿಕ್ಕದು ಮಾಡುವುದು. ಫೋಟೋವನ್ನು ಮೂರರಷ್ಟು ಹಿಗ್ಗಿಸಿ, ಫಿಲ್ಟರ್ ಹಾಕಿ, ಮತ್ತೆ ಮೊದಲಿನ ಅಳತೆಗೆ ತನ್ನಿ. ಬಿಟ್ಟುಹೋಗುತ್ತಿದ್ದ ಪಿಕ್ಸೆಲ್‌ಗಳೂ ಸರಾಸರಿಯಲ್ಲಿ ಸೇರುತ್ತವೆ. ಆದರೆ ಲೆಕ್ಕ ನೋಡಿ: 12000×9000 ಅಂದರೆ 10.8 ಕೋಟಿ ಪಿಕ್ಸೆಲ್. ಪಾರದರ್ಶಕತೆಯ ಮಾಹಿತಿಯೂ ಸೇರಿ 8 ಬಿಟ್‌ನಲ್ಲಿ ಒಂದು ಲೇಯರ್‌ಗೆ, ಅಂದರೆ ಚಿತ್ರದ ಒಂದು ಹಾಳೆಗೆ, 432 ಎಂಬಿ ಮೆಮೊರಿ ಬೇಕು. ಚಿತ್ರ 32 ಬಿಟ್‌ನಲ್ಲಿದ್ದರೆ 1.7 ಜಿಬಿ ದಾಟುತ್ತದೆ. ನನ್ನ 8 ಜಿಬಿ ಲ್ಯಾಪ್‌ಟಾಪ್ ಎರಡು ಲೇಯರ್‌ಗೇ ಮಲಗಿಬಿಟ್ಟಿತು. ಅದೂ ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನ್ ಸದ್ದು ಕೇಳಿ ಮನೆಯವರು ಮಿಕ್ಸರ್ ಅಂದುಕೊಂಡರು. ಎರಡರಷ್ಟು ಹಿಗ್ಗಿಸಿದರೂ ಸಾಕಷ್ಟು ಲಾಭ ಇದೆ.

ಇನ್ನೊಂದು ಉಪಾಯಕ್ಕೆ ಮೆಮೊರಿ ಬೇಡ, ತಾಳ್ಮೆ ಬೇಕು. ಫೋಟೋದ ಎರಡು ಪ್ರತಿ ಮಾಡಿ. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ಗಾಸಿಯನ್ ಬ್ಲರ್ ಎಂಬ ಮಬ್ಬು ಮಾಡುವ ಫಿಲ್ಟರ್ ಹಾಕಿ, ಡೆಪ್ತ್ 3ಕ್ಕೆ 4 ಪಿಕ್ಸೆಲ್, ಡೆಪ್ತ್ 4ಕ್ಕೆ 8 ಪಿಕ್ಸೆಲ್. ಎರಡಕ್ಕೂ ಅದೇ ಸಂಖ್ಯೆಗಳ ಫಿಲ್ಟರ್ ಹಾಕಿ. ಮೇಲಿನ ಲೇಯರ್‌ಗೆ ಮಾಸ್ಕ್, ಅಂದರೆ ಬೇಡದ ಭಾಗ ಮುಚ್ಚುವ ಮರೆ, ಕೊಟ್ಟು, ನಡುವೆ ಚೂಪಾದ ಪ್ರತಿಯೂ ಅಂಚಿಗೆ ಬ್ಲರ್ ಮಾಡಿದ ಪ್ರತಿಯೂ ಕಾಣುವಂತೆ ಮಾಡಿ. ಬ್ಲರ್ ಮಾಡಿದ್ದು ಅಂಚಿನಲ್ಲಿ ಹೇಗೂ ಎಂಟು ಪಟ್ಟು ಕುಗ್ಗುವುದರಿಂದ ಮಬ್ಬು ಕಾಣುವುದೇ ಇಲ್ಲ. ನಾನು ಈಗ ಇದನ್ನೇ ಮಾಡುತ್ತೇನೆ.

ಫೋಟೋ ಆರಿಸುವಾಗಲೇ ಸ್ವಲ್ಪ ಯೋಚಿಸಿದರೆ ಅರ್ಧ ಕೆಲಸ ತಪ್ಪುತ್ತದೆ. ಇಳಕಲ್ ಸೀರೆಯ ಮೈಯಲ್ಲಿರುವ ಸಣ್ಣ ಚೌಕಳಿ ಈ ಫಿಲ್ಟರ್‌ಗೆ ಆಗಿಬರುವುದಿಲ್ಲ, ಬರೀ ಕಾಳು ಮತ್ತು ಅಲೆ ಅಲೆ ಗೆರೆ. ಅದೇ ಸೀರೆಯ ಟೋಪ ತೆನಿ ಸೆರಗು ಹಾಕಿ ನೋಡಿ. ಕೆಂಪಿನ ಮೇಲೆ ಬಿಳಿ ಹಲ್ಲುಗಳು ದೊಡ್ಡದಾಗಿರುವುದರಿಂದ ಡೆಪ್ತ್ 4ರವರೆಗೂ ಗುರುತು ಸಿಗುತ್ತವೆ. ಪಟ್ಟದಕಲ್ಲಿನ ಗಳಗನಾಥದಂಥ ನಾಗರ ಶಿಖರಗಳನ್ನು ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಶಿಖರದ ಮೈಮೇಲೆಯೇ ಒಂದೇ ಆಕಾರ ಚಿಕ್ಕದಾಗುತ್ತಾ ಮತ್ತೆ ಮತ್ತೆ ಬಂದಿದೆ. ಶಿಲ್ಪಿ ಮಾಡಿದ್ದು ಯಾವುದು, ಫಿಲ್ಟರ್ ಮಾಡಿದ್ದು ಯಾವುದು ಎಂದು ನೋಡುವವನಿಗೆ ತಿಳಿಯುವುದಿಲ್ಲ, ನಮಗೂ ತಪ್ಪು ಹುಡುಕಲು ಆಗುವುದಿಲ್ಲ.

ನಡುವೆ ಮಬ್ಬು ಕಲೆ, ಚೌಕ ಚೌಕ ಕಲೆ

ಇದು ಕಾಳಿನ ತದ್ವಿರುದ್ಧ. ಕೇಂದ್ರದ ಹತ್ತಿರ ದೂರ 0.1 ಇದ್ದರೆ ಅದರ ವರ್ಗ 0.01. ಹಿಗ್ಗುವುದು ಹತ್ತು ಪಟ್ಟು. ನನ್ನ ಚೌಕಟ್ಟಿನಲ್ಲಿ ಒಂದು ಪಿಕ್ಸೆಲ್ ಅಂದರೆ 0.0008. ಹಾಗಾಗಿ ಹೊಸ ಚಿತ್ರದ ನಡುವಿನ 125 ಪಿಕ್ಸೆಲ್ ತ್ರಿಜ್ಯದ ವೃತ್ತ ತುಂಬಲು ಹಳೇ ಫೋಟೋದ 12 ಪಿಕ್ಸೆಲ್ ತ್ರಿಜ್ಯದ ತುಣುಕು ಬಂದು ಕೂರುತ್ತದೆ. ಅದೂ ಒಂದೇ ಸುತ್ತಿಗೆ. ಜೆಪೆಗ್ ಫೋಟೋವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಒತ್ತಲಾಗಿರುತ್ತದೆ. 24 ಪಿಕ್ಸೆಲ್ ಅಗಲ ಅಂದರೆ ಅಂಥ ಮೂರೇ ಚೌಕ! ಅವು ಊದಿಕೊಂಡು ಬಂದದ್ದೇ ನಿಮಗೆ ಕಾಣುವ ಚೌಕ ಚೌಕ ಕಲೆ.

ಮೊಬೈಲಿನಿಂದ ಮೊಬೈಲಿಗೆ ಫೋಟೋ ಎಂದು ಕಳಿಸಿದ ಪ್ರತಿ ಆಗಿದ್ದರೆ ಇದು ಇನ್ನೂ ಎದ್ದು ಕಾಣುತ್ತದೆ. ಯಾಕೆಂದರೆ ಕಳಿಸುವಾಗ ಅದನ್ನು ಮತ್ತೊಮ್ಮೆ ಒತ್ತಲಾಗಿರುತ್ತದೆ. ಕೇಬಲ್ ಹಾಕಿ ಮೂಲ ಫೈಲ್ ತೆಗೆದುಕೊಳ್ಳಿ, ಇಲ್ಲವೇ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ.

ಫೈಲ್ ಒಳ್ಳೆಯದಿದ್ದರೂ ಹಿಗ್ಗುವಿಕೆ ತಪ್ಪುವುದಿಲ್ಲ. ಅದಕ್ಕೆ ಆ ಜಾಗಕ್ಕೆ ಫೋಟೋದ ಯಾವ ಭಾಗ ಬರುತ್ತಿದೆ ಎಂದು ಚೌಕಳಿಯಲ್ಲಿ ನೋಡಿ. ಅಲ್ಲಿ ಬರೀ ಆಕಾಶ ಇಲ್ಲವೇ ಬರೀ ಗೋಡೆ ಬರುವಂತೆ ಫೋಟೋವನ್ನು ಸರಿಸಿ ಕತ್ತರಿಸಿ. ಬರೀ ನೀಲಿ ಎಷ್ಟು ಹಿಗ್ಗಿದರೂ ನೀಲಿಯೇ. ಅದೂ ಆಗದಿದ್ದರೆ ಮೂಲ ಫೋಟೋದ ಒಂದು ತುಂಡನ್ನು ಬೇರೆ ಲೇಯರ್‌ನಲ್ಲಿ ತಂದು ನಡುವೆ ಕೂರಿಸುತ್ತೇನೆ. ಮೋಸ ಅಂತೀರಾ? ಅನ್ನಿ. ಚಿತ್ರ ನನ್ನದು.

ನಡುವೆಲ್ಲ ಒಂದೇ ಬಣ್ಣ

ತಂಗಿಯ ಮಗಳು ರಜೆಗೆ ಬಂದಾಗ ಬಾರಾ ಕಮಾನಿನ ಫೋಟೋ ತೆಗೆದುಕೊಂಡು ಬಂದಳು. ಅರ್ಧಕ್ಕೆ ನಿಂತ ಆ ಕಟ್ಟಡದ ಕಮಾನುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಅವಳು ಜೂಲಿಯಾ ಆರಿಸಿ, ಜೆಎಕ್ಸ್ 0.2, ಜೆವೈ 0 ಕೊಟ್ಟು, ಡೆಪ್ತ್ ಜಾಸ್ತಿ ಇದ್ದರೆ ಚಿತ್ರ ಜಾಸ್ತಿ ಚೆಂದ ಎಂದುಕೊಂಡು 40 ಇಟ್ಟಳು. ನಡುವೆ ಮೊಟ್ಟೆಯಾಕಾರದ ಒಂದು ದೊಡ್ಡ ಮಚ್ಚೆ ಬಂತು, ಪೂರ್ತಿ ಮಸಿಬಣ್ಣ. "ಮಾಮಾ, ಕಮಾನ ಎಲ್ಲಿ ಹೋದ್ವು? ಕಂಪ್ಯೂಟರ ಕೆಟ್ಟೈತೇನು?" ಎಂದಳು.

ಕಂಪ್ಯೂಟರ್ ಕೆಟ್ಟಿರಲಿಲ್ಲ. 0.2 ಕೊಟ್ಟಾಗ ಆ ಮೊಟ್ಟೆಯ ಒಳಗಿನ ಪಿಕ್ಸೆಲ್‌ಗಳೆಲ್ಲ ಸುತ್ತುತ್ತಾ ಸುತ್ತುತ್ತಾ ಒಂದೇ ಬಿಂದುವಿಗೆ ಹೋಗಿ ಸೇರುತ್ತವೆ. ಬಚ್ಚಲಿನ ನೀರು ತೂತಿನ ಕಡೆಗೆ ಹೋಗುವ ಹಾಗೆ. ಆ ಬಿಂದು 0.276. ಪರೀಕ್ಷಿಸಿ ನೋಡಿ: 0.276ರ ವರ್ಗ 0.076, ಅದಕ್ಕೆ 0.2 ಕೂಡಿಸಿದರೆ ಮತ್ತೆ 0.276. ಅಲ್ಲಿಗೆ ಹೋದವರು ಅಲ್ಲೇ. ನಮ್ಮ ಚೌಕಟ್ಟು -1.6ರಿಂದ 1.6ರವರೆಗೆ ಇತ್ತು. ಆ ಲೆಕ್ಕದಲ್ಲಿ 0.276 ಅಂದರೆ ಫೋಟೋದ ಎಡದಿಂದ ಸುಮಾರು 2345ನೇ ಪಿಕ್ಸೆಲ್, ಎತ್ತರದ ಸರಿ ನಡುವೆ. ಮೂಲ ಫೋಟೋ ತೆರೆದು ಬಣ್ಣ ಹೆಕ್ಕುವ ಪಿಪೆಟ್‌ನಿಂದ ಅಲ್ಲಿ ಮುಟ್ಟಿದೆವು. ಕಮಾನಿನ ಕಲ್ಲಿನ ಅದೇ ಮಸಿಬಣ್ಣ. ಅವಳ ಇಡೀ ಫೋಟೋ ಆ ಒಂದು ಪಿಕ್ಸೆಲ್‌ನಲ್ಲಿ ಮುಳುಗಿತ್ತು.

ಇದು ಖಚಿತವೇ ಎಂದು ನೋಡಲು ಡೆಪ್ತ್ 40 ತೆಗೆದು 20 ಮಾಡಿ. ಮಚ್ಚೆ ಹಾಗೇ ಇದ್ದರೆ ಕಾರಣ ಇದೇ. 3ಕ್ಕೆ ತನ್ನಿ, ಕಮಾನುಗಳು ಮತ್ತೆ ಎದ್ದು ಬರುತ್ತವೆ.

ಇದರಲ್ಲೇ ಒಂದು ತಮಾಷೆಯ ಬಗೆ ಇದೆ. ಜೆಎಕ್ಸ್ -1, ಜೆವೈ 0 ಕೊಟ್ಟರೆ ಪಿಕ್ಸೆಲ್‌ಗಳು ಒಂದೇ ಕಡೆ ನಿಲ್ಲುವುದಿಲ್ಲ. 0 ಮತ್ತು -1 ಎಂಬ ಎರಡು ಜಾಗಗಳ ನಡುವೆ ಜಿಗಿಯುತ್ತಿರುತ್ತವೆ. ಚಿತ್ರದ ನಡುಭಾಗದಲ್ಲಿ ಎರಡೇ ಬಣ್ಣ. ಡೆಪ್ತ್ 20 ಇದ್ದದ್ದನ್ನು 21 ಮಾಡಿದರೆ ಆ ಎರಡೂ ಅದಲುಬದಲು. ನೆನ್ನೆ ಒಂದು ಬಣ್ಣ ಬಂದಿತ್ತು, ಇವತ್ತು ಇನ್ನೊಂದು ಬಂತು, ಫೈಲ್ ಹಾಳಾಯಿತು ಎಂದು ಗಾಬರಿಯಾಗಬೇಡಿ. ಸರಿ ಬೆಸ ನೋಡಿಕೊಳ್ಳಿ.

ಇನ್ನು 0.5, 0.5 ಕೊಟ್ಟರೆ ಅಲ್ಲಿ ತೂತೇ ಇಲ್ಲ. ಡೆಪ್ತ್ ಏರಿಸಿದಷ್ಟೂ ಹೆಚ್ಚುಕಡಿಮೆ ಎಲ್ಲ ಪಿಕ್ಸೆಲ್‌ಗಳೂ ಫೋಟೋ ಬಿಟ್ಟು ಹೊರಗೆ ಓಡುತ್ತವೆ. ಅಬಿಸ್ ಕಪ್ಪಿದ್ದರೆ ಇಡೀ ಚಿತ್ರ ಕಪ್ಪು.

ನೆಟ್ಟಗಿದ್ದ ಗುಮ್ಮಟ ಸರಿ, ಮಲಗಿದ್ದು ಚಪ್ಪಟೆ

ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ. 1656ರಲ್ಲಿ ಮುಗಿದದ್ದು, ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಇಷ್ಟು ವರ್ಷ ಗುಂಡಗೆ ಇದ್ದದ್ದನ್ನು ನಾನು ಒಂದು ಸಂಜೆಯಲ್ಲಿ ಚಪ್ಪಟೆ ಮಾಡಿದ್ದೆ.

ಕಾರಣ ಚೌಕಟ್ಟಿನ ನಾಲ್ಕು ಸಂಖ್ಯೆಗಳು: ಎಕ್ಸ್1, ಎಕ್ಸ್2, ವೈ1, ವೈ2. ಫೋಟೋದ ಎಡ ಅಂಚು, ಬಲ ಅಂಚು, ಮೇಲಂಚು, ಕೆಳಅಂಚು ಎಷ್ಟಕ್ಕೆ ಸಮ ಎಂದು ಇವು ಹೇಳುತ್ತವೆ. ಮೊದಲೇ ತುಂಬಿ ಬಂದಿರುವ ಸಂಖ್ಯೆಗಳು ನಿಮ್ಮ ಫೋಟೋದ ಅಳತೆ ನೋಡಿ ಬಂದವಲ್ಲ. ಅಡ್ಡ ಒಂದು ಪಿಕ್ಸೆಲ್‌ನ ಬೆಲೆ ಒಂದು, ಉದ್ದ ಒಂದು ಪಿಕ್ಸೆಲ್‌ನ ಬೆಲೆ ಇನ್ನೊಂದು ಆದರೆ, ಚಿತ್ರ ತಿರುಗಿದ ಕಡೆಯೆಲ್ಲ ಎಳೆದಂತಾಗುತ್ತದೆ. ತಿರುಗದ ಕಡೆ ಏನೂ ಗೊತ್ತಾಗುವುದಿಲ್ಲ. ಚೌಕಳಿಯಲ್ಲಿ ಬಳೆ ಬಿಡಿಸಲು ಹೇಳಿದ್ದು ಇದಕ್ಕೇ. ಕೇಂದ್ರದಿಂದ ದೂರದ ಸಣ್ಣ ಬಳೆಗಳು ಎಲ್ಲಿ ಹೋದರೂ ಹೆಚ್ಚುಕಡಿಮೆ ಗುಂಡಗೇ ಇರಬೇಕು. ಬದಿಗೆ ತಿರುಗಿದವು ಮಾತ್ರ ಮೊಟ್ಟೆಯಾದರೆ ತಪ್ಪು ಈ ನಾಲ್ಕು ಮನೆಗಳಲ್ಲಿದೆ.

4000×3000 ಫೋಟೋಗೆ ಎಕ್ಸ್ -1.6ರಿಂದ 1.6, ವೈ -1.2ರಿಂದ 1.2 ಕೊಡಿ. 3.2ನ್ನು 4000ದಿಂದ ಭಾಗಿಸಿ, 2.4ನ್ನು 3000ದಿಂದ ಭಾಗಿಸಿ. ಎರಡೂ 0.0008. ಸರಿಯಾಯಿತು. ಫೋಟೋ ಅಳತೆ ಬದಲಾದಾಗಲೆಲ್ಲ ಈ ಭಾಗಾಕಾರ ಮಾಡಿ, ಎರಡು ನಿಮಿಷದ ಕೆಲಸ.

ಗೆರೆಗಳು, ಈರುಳ್ಳಿ ಪದರಗಳು

ಚಿತ್ರದಲ್ಲಿ ಕತ್ತರಿಯಿಂದ ಕತ್ತರಿಸಿದಂಥ ಚೂಪು ಗೆರೆ ಬಂದರೆ, ಆ ಗೆರೆಯ ಎರಡು ಬದಿಯಲ್ಲಿ ಏನಿದೆ ನೋಡಿ. ಒಂದು ಬದಿ ಫೋಟೋದ ಎಡ ಅಂಚು, ಇನ್ನೊಂದು ಬದಿ ಬಲ ಅಂಚು ಆಗಿದ್ದರೆ ಅದು ಲೂಪ್‌ನ ಹೊಲಿಗೆ. ಎರಡೂ ಅಂಚಿನ ಬಣ್ಣ ಕೂಡದಿದ್ದರೆ ಹೊಲಿಗೆ ಕಾಣಲೇಬೇಕು. ಫೋಟೋವನ್ನು ಕನ್ನಡಿಯಂತೆ ಮಗುಚಿ ಪಕ್ಕದಲ್ಲೂ ಕೆಳಗೂ ಜೋಡಿಸಿ, ನಾಲ್ಕು ತುಂಡಿನ ಒಂದು ಫೋಟೋ ಮಾಡಿ ಆಮೇಲೆ ಫಿಲ್ಟರ್ ಹಾಕಿ. ಗಿಂಪ್‌ನ ಟೈಲ್ ಸೀಮ್‌ಲೆಸ್ ಕೂಡ ಇದೆ, ಆದರೆ ಅದು ಕಟ್ಟಡಗಳನ್ನು ಒಂದರ ಮೇಲೊಂದು ದೆವ್ವದಂತೆ ತೋರಿಸುತ್ತದೆ. ಮೋಡ, ಹೊಲ, ನೀರಿನ ಫೋಟೋಗಳಿಗೆ ಅಡ್ಡಿಯಿಲ್ಲ. ಕ್ಲ್ಯಾಂಪ್ ಇಟ್ಟಿದ್ದರೆ ಹೊಲಿಗೆ ಬರುವುದಿಲ್ಲ, ಅದರ ಬದಲು ಅಂಚಿನ ಬಣ್ಣ ಉದ್ದಕ್ಕೆ ಬಳಿದುಕೊಂಡು ಹೋಗುತ್ತದೆ.

ಗೆರೆಗಳು ಒಂದರೊಳಗೊಂದು ಈರುಳ್ಳಿ ಪದರದಂತೆ ಬಂದರೆ ಅದು ಬೇಲ್‌ಔಟ್. ಬಿಂದು ಎಷ್ಟು ದೂರ ದಾಟಿದರೆ ಸುತ್ತು ನಿಲ್ಲಿಸಬೇಕು ಎಂದು ಹೇಳುವ ಸಂಖ್ಯೆ ಇದು. ಈ ತಪ್ಪು ಮಾಡಿದ್ದು ಸ್ವಲ್ಪ ಓದಿಕೊಂಡಿದ್ದ ನಾನೇ. ದೂರ 2 ದಾಟಿದ ಬಿಂದು ಮತ್ತೆ ವಾಪಸ್ ಬರುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಹಾಗಾಗಿ ಜಾಣತನ ಮಾಡಿ ಬೇಲ್‌ಔಟ್ 2 ಇಟ್ಟೆ. ಬರೀ ಫ್ರ್ಯಾಕ್ಟಲ್ ಬಿಡಿಸುವವರಿಗೆ ಅದು ಸರಿ, ಅವರಿಗೆ ಬೇಕಾದದ್ದು ಬಿಂದು ಯಾವ ಸುತ್ತಿನಲ್ಲಿ ಹೊರಗೆ ಹೋಯಿತು ಎಂಬ ಎಣಿಕೆ. ನಮಗೆ ಬೇಕಾದದ್ದು ಅದು ಹೋಗಿ ನಿಂತ ಜಾಗ. ಬೇಲ್‌ಔಟ್ 2 ಆದರೆ ಒಂದು ಪಿಕ್ಸೆಲ್ ಎರಡನೇ ಸುತ್ತಿಗೆ ನಿಲ್ಲುತ್ತದೆ, ಪಕ್ಕದ್ದು ಮೂರನೇ ಸುತ್ತಿಗೆ. ಅವೆರಡರ ನಡುವೆ ಗೆರೆ. 10000ದಷ್ಟು ದೊಡ್ಡದು ಇಟ್ಟುಬಿಡಿ. ನಮ್ಮ ಚೌಕಟ್ಟಿನ ಮೂಲೆ ಕೇಂದ್ರದಿಂದ 2 ದೂರ. ಸುತ್ತು ಸುತ್ತಿಗೆ ಅದು ಸುಮಾರು 4, 16, 256 ಎಂದು ಏರುತ್ತದೆ. ಡೆಪ್ತ್ 3ಕ್ಕೆ ಯಾವ ಪಿಕ್ಸೆಲ್ಲೂ ನಡುದಾರಿಯಲ್ಲಿ ನಿಲ್ಲುವುದಿಲ್ಲ.

ಚಿಲ್ಲರೆ ತೊಂದರೆಗಳು

ಕೇಂದ್ರ ಎಲ್ಲೋ ಸರಿದು ಕೂತಿದ್ದರೆ ಲೇಯರ್ ಅಳತೆ ನೋಡಿ. ಲೇಯರ್ ಕ್ಯಾನ್‌ವಾಸ್‌ಗಿಂತ ಚಿಕ್ಕದೋ ದೊಡ್ಡದೋ ಆಗಿದ್ದರೆ ಫಿಲ್ಟರ್ ಲೇಯರ್‌ನ ಅಳತೆಯನ್ನೇ ಹಿಡಿಯುತ್ತದೆ. ಲೇಯರ್ ಟು ಇಮೇಜ್ ಸೈಜ್ ಒತ್ತಿ.

ಮೊಬೈಲ್ ಫೋಟೋ ತೆರೆಯುವಾಗ ತಿರುಗಿಸಲೇ ಎಂದು ಗಿಂಪ್ ಕೇಳಿದರೆ ರೊಟೇಟ್ ಒತ್ತಿ. ಬೇಡ ಅಂದರೆ ಗುಮ್ಮಟ ಅಡ್ಡ ಮಲಗಿ, ನಿಮ್ಮ ಭಾಗಾಕಾರವೆಲ್ಲ ತಿರುಗುಮುರುಗು.

ಪರದೆಯ ಮೇಲೆ ಹೊರಭಾಗ ಬೂದು ಚೌಕಗಳಾಗಿ, ಅಂದರೆ ಪಾರದರ್ಶಕವಾಗಿ ಇತ್ತು, ಪ್ರಿಂಟ್‌ನಲ್ಲಿ ಬಿಳಿಯಾಯಿತು ಎಂದರೆ ನೀವು ಜೆಪೆಗ್ ಮಾಡಿದ್ದೀರಿ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ. ಪಿಎನ್‌ಜಿ ಮಾಡಿ, ಇಲ್ಲವೇ ಕೆಳಗೆ ಒಂದು ಬಣ್ಣದ ಲೇಯರ್ ಹಾಕಿ ಆಮೇಲೆ ಜೆಪೆಗ್ ಮಾಡಿ.

ಗುಮ್ಮಟದ ತುದಿಗಳು ಪ್ರಿಂಟ್‌ನಲ್ಲಿ ಕತ್ತರಿಸಿ ಹೋದರೆ ಅದು ಅಂಗಡಿಯವರ ತಪ್ಪಲ್ಲ. 12×18 ಕಾಗದದ ಅನುಪಾತ 3:2, ಮೊಬೈಲ್ ಫೋಟೋ 4:3. 4000 ಅಗಲ ಪೂರ್ತಿ ಕಾಗದಕ್ಕೆ ಕೂರಿಸಿದರೆ ಎತ್ತರದಲ್ಲಿ 2667 ಪಿಕ್ಸೆಲ್ ಮಾತ್ರ ಉಳಿಯುತ್ತದೆ, 333 ಹೋಗುತ್ತದೆ. ಕತ್ತರಿಸುವುದಿದ್ದರೆ ಫಿಲ್ಟರ್‌ಗೆ ಮೊದಲೇ ಕತ್ತರಿಸಿ. ಆಗ ವೈ -1.067ರಿಂದ 1.067 ಆಗುತ್ತದೆ. 18 ಇಂಚಿಗೆ 4000 ಅಂದರೆ ಇಂಚಿಗೆ 222 ಪಿಕ್ಸೆಲ್. ಗೋಡೆಗೆ ಹಾಕಿ ನಾಲ್ಕು ಅಡಿ ದೂರದಿಂದ ನೋಡಲು ಸಾಕು.

ದೊಡ್ಡ ಪ್ರಿಂಟ್ ಮೊದಲು, ಕಾಳು ಬರುವ ಅಂಚಿನಿಂದ 4×6 ಇಂಚಿನ ಒಂದು ತುಂಡನ್ನು ಅದೇ 222ರ ಅಳತೆಯಲ್ಲಿ ಕತ್ತರಿಸಿ ಪ್ರಿಂಟ್ ಹಾಕಿಸಿ. ಅಂದರೆ 888×1332 ಪಿಕ್ಸೆಲ್. ಇಡೀ ಚಿತ್ರವನ್ನು 4×6ಕ್ಕೆ ಕುಗ್ಗಿಸಿ ಹಾಕಿಸಿದರೆ ಕಾಳು ಅಡಗಿಬಿಡುತ್ತದೆ, ಪರೀಕ್ಷೆ ವ್ಯರ್ಥ. ಎರಡನೇ ಸಲ ನಾನು ಅಂಥ ತುಂಡು ಹಿಡಿದು ಅದೇ ಅಂಗಡಿಗೆ ಹೋದೆ. ಅವರು ಮತ್ತೆ ಬೆಳಕಿಗೆ ಹಿಡಿದರು, ತಿರುಗಿಸಿ ನೋಡಿದರು. "ಎಳ್ಳ ಇಲ್ರೀ ಈ ಸಲ" ಅಂದರು. ಆಮೇಲೆ ಮೂಲೆಯಲ್ಲಿ ಬೆರಳಿಟ್ಟು, "ಇಲ್ಲೊಂದ ಗೀರ ಐತಿ ನೋಡ್ರಿ" ಎಂದರು. ಲೂಪ್‌ನ ಹೊಲಿಗೆ. ಮನೆಗೆ ವಾಪಸ್ ಬಂದು ಫೋಟೋವನ್ನು ಕನ್ನಡಿ ಮಾಡಿ ಜೋಡಿಸಲು ಕೂತೆ.